ಸುರಂಗಗಳ ಸುಂಕದ ಹಾದಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನೆಂದು ನಮ್ಮ ಹಿರಿಯರು ಗಾದೆ ಕಟ್ಟಿ ಹೋಗಿರುವರು. ಹಾದಿ ನಡೆಯುವವನಿಗೂ ಹಾದಿಯ ಹಣ ಎತ್ತುವವನಿಗೂ ಯಾವ ದೇಶದಲ್ಲಿಯೂ ಸ್ನೇಹ ಬೆಳೆದುದು ಕಡಮೆಯೇ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್ ಎಂದು ಒಂದು ಸ್ಥಳವೂ, ಇನ್ನೂ ಮುಂದೆ ಹೋದರೆ ಸುಂಕದಕಟ್ಟೆ ಎಂದು ಮತ್ತೊಂದು ಸ್ಥಳವೂ ಇವೆ. ಆ ಕಾಲದ ಗೇಟು ಹೋಯಿತು, ಕಟ್ಟೆಯೂ ಹೋಯಿತು. ಹೆಸರು ಮಾತ್ರ ಬಸ್ಸಿನ ಕಂಡಕ್ಟರುಗಳ ಬಾಯಲ್ಲಿ ಉಳಿದುಕೊಂಡಿದೆ. ಅವು ಹೋದುವೆಂದು ಯಾರೂ ಕಣ್ಣೀರಿಟ್ಟಂತೆ ಕಾಣೆವು.

ಆದರೆ ಒಂದು ಸುಂಕದ ಹಾದಿಯನ್ನು ಮನಸಾರ ಪ್ರೀತಿಸುವ ಜನರುಂಟು, ಅದರ ಹಳೆಯ ಚಿತ್ರದ ಕಾರ್ಡುಗಳನ್ನು ಕೂಡಿಹಾಕುವವರುಂಟು, ಅದರ ಪಾಳುಬಿದ್ದ ಭಾಗವನ್ನು ನೋಡಲು ನೂರಾರು ಮೈಲಿಗಳಿಂದ ಬರುವವರುಂಟು ಎಂದರೆ ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆ ಹಾದಿ ಇರುವುದು ಅಮೆರಿಕದಲ್ಲಿ, ಪೆನ್ಸಿಲ್ವೇನಿಯ ಎಂಬ ಸಂಸ್ಥಾನದಲ್ಲಿ. ಅದರ ಹೆಸರು ಪೆನ್ಸಿಲ್ವೇನಿಯ ಟರ್ನ್‌ಪೈಕ್. ಹಿಂದಿನ ಕಾಲದಲ್ಲಿ ಹಾದಿಗೆ ಅಡ್ಡಲಾಗಿ ಭರ್ಜಿಯಂತಹ ತೊಲೆಯೊಂದನ್ನು ಇಟ್ಟು, ಸುಂಕ ತೆತ್ತವನಿಗೆ ಅದನ್ನು ತಿರುಗಿಸಿ ದಾರಿ ಬಿಡುತ್ತಿದ್ದರು. ಆ ತಿರುಗುವ ಭರ್ಜಿಯಿಂದಲೇ ಈ ಹೆಸರು ಬಂದುದು. ನಮ್ಮ ಕುಟುಂಬಕ್ಕೂ ಈ ಹಾದಿಗೂ ಸ್ವಲ್ಪ ಸಂಬಂಧ ಒದಗಿದುದರಿಂದ ಅದರ ಕಥೆಯನ್ನು ಹೇಳಬೇಕೆಂದು ಬಹುಕಾಲದಿಂದ ನಮ್ಮ ಮನಸ್ಸಿನಲ್ಲಿದ್ದಿತು.

ಪೆನ್ಸಿಲ್ವೇನಿಯದ ಮಧ್ಯಭಾಗವೆಲ್ಲ ಬೆಟ್ಟಸಾಲು. ನಮ್ಮ ಸಹ್ಯಾದ್ರಿಯಂತೆ ಅದು ಒಂದೇ ಗೋಡೆಯಾಗಿ ನಿಂತಿಲ್ಲ. ಉತ್ತ ಹೊಲದ ಸಾಲುಗಳಂತೆ ಒಂದರ ಹಿಂದೆ ಒಂದಾಗಿ ಉದ್ದಕ್ಕೆ ಮಲಗಿವೆ. ಒಂದನ್ನು ಏರಿ ಇಳಿದೆವೆನ್ನುವಷ್ಟರಲ್ಲಿ ಮತ್ತೊಂದು ಎದುರಿಗೆ ಬರುವುದು. ಪೂರ್ವದ ಕರಾವಳಿಯ ಪಟ್ಟಣಗಳಿಂದ ಪಶ್ಚಿಮದ ಉಕ್ಕಿನ ನಗರವಾದ ಪಿಟ್ಸ್‌ಬರ್ಗಿಗೆ ಹೋಗಬೇಕಾದವರು ಇವೆಲ್ಲವನ್ನೂ ಏರಿಯೇ ಹೋಗಬೇಕಾಗಿದ್ದಿತು. ಹಳೆಯ ಲಿಂಕನ್ ಹೆದ್ದಾರಿಯಲ್ಲಿ ಕೆಲವು ಏರುಗಳು ನೂರಕ್ಕೆ ಒಂಬತ್ತರಷ್ಟು ಕಡಿದಾಗಿದ್ದುವು. ಚಳಿಗಾಲದಲ್ಲಿ ಹಿಮ ಬಿದ್ದಿತೆಂದರೆ ಸರಕಿನ ಲಾರಿಗಳು ಬೆಟ್ಟದ ಬುಡದಲ್ಲಿಯೇ ನಿಂತುಬಿಡುತ್ತಿದ್ದುವು.

ಈ ಬೆಟ್ಟಗಳನ್ನು ಕೊರೆದು ದಾರಿ ಮಾಡಬೇಕೆಂಬ ಯೋಚನೆ ಮೊದಲು ಬಂದುದು ಮೋಟಾರಿನವರಿಗಲ್ಲ, ರೈಲಿನವರಿಗೆ. ಆ ಕಥೆ ಧನಿಕರ ಜಗಳದ ಕಥೆ. ಆಗ ಪೆನ್ಸಿಲ್ವೇನಿಯ ರೈಲ್ವೆ ಎಂಬ ಕಂಪೆನಿಗೂ, ನ್ಯೂಯಾರ್ಕ್ ಸೆಂಟ್ರಲ್ ಎಂಬ ಕಂಪೆನಿಯ ಒಡೆಯನಾದ ವಿಲಿಯಂ ವ್ಯಾಂಡರ್‌ಬಿಲ್ಟನಿಗೂ ವೈರ. ಅವರು ಇವನ ಸೀಮೆಯಲ್ಲಿ ಹಡ್ಸನ್ ನದಿಯ ದಡದಲ್ಲಿ ಪ್ರತಿಸ್ಪರ್ಧಿಯಾದ ರೈಲುದಾರಿಗೆ ಬೆಂಬಲ ಕೊಡುತ್ತಿರುವರೆಂದು ಇವನಿಗೆ ಕೋಪ. ‘ನೀವು ನಮ್ಮ ಅಂಗಳಕ್ಕೆ ಬಂದರೆ ನಾವು ನಿಮ್ಮ ಅಂಗಳಕ್ಕೆ ಬರುವೆವು’ ಎನ್ನುವ ಹಟದಿಂದ ಇವನು 1880ರ ದಶಕದಲ್ಲಿ ದಕ್ಷಿಣ ಪೆನ್ಸಿಲ್ವೇನಿಯ ರೈಲುದಾರಿಯನ್ನು ಕಟ್ಟಿಸಲು ತೊಡಗಿದನು. ಸರಕು ಸಾಗಣೆಯ ದರದಿಂದ ಬೇಸತ್ತಿದ್ದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯೂ ಇದರಲ್ಲಿ ಹಣ ಹಾಕಿದನು. ಬೆಟ್ಟಗಳಲ್ಲಿ ಒಂಬತ್ತು ಸುರಂಗಗಳ ಕೆಲಸ ಮೊದಲಾಯಿತು. ಸಾವಿರಾರು ಜನ ಕೂಲಿಗಳು ಎರಡು ಕಡೆಯಿಂದಲೂ ಕಲ್ಲನ್ನು ಕೊರೆದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಆ ಕೆಲಸದಲ್ಲಿ ಜೀವ ಬಿಟ್ಟರು.

1885ರ ಬೇಸಗೆಯಲ್ಲಿ ಬ್ಯಾಂಕಿನ ಸಾಹುಕಾರ ಜೆ. ಪಿ. ಮಾರ್ಗನ್ ಎರಡು ಪಕ್ಷದವರನ್ನೂ ತನ್ನ ‘ಕಾರ್ಸೇರ್’ ಎಂಬ ವಿಹಾರನೌಕೆಗೆ ಕರೆದನು. ನೌಕೆ ನದಿಯಲ್ಲಿ ಹಿಂದೆ ಮುಂದೆ ತೇಲಾಡುತ್ತಿರಲು ಅವರಿಗೆ ರಾಜಿ ಮಾಡಿಸಿದನು. ಇವರು ಅವರ ಅಂಗಳಕ್ಕೆ ಹೋಗತಕ್ಕುದಲ್ಲ, ಅವರು ಇವರ ಅಂಗಳಕ್ಕೆ ಬರತಕ್ಕುದಲ್ಲ ಎಂದು ತೀರ್ಮಾನವಾಯಿತು. ಸೆಪ್ಟೆಂಬರ್ ತಿಂಗಳಿನಲ್ಲಿ ಬೆಟ್ಟದ ಮೇಲಿನ ಕೂಲಿಗಳಿಗೆ ಹಾರೆ ಗುದ್ದಲಿಗಳನ್ನು ಕೆಳಗಿಡುವಂತೆ ಆಜ್ಞೆಯಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂದು ನಾವು ಹೇಳುವುದುಂಟು. ಇಲ್ಲಿಯಾದರೋ ರಾಜಿಯಲ್ಲಿ ಕೂಸು ಬಡವಾಯಿತು. ಸುಮಾರು ಒಂದು ಕೋಟಿ ಡಾಲರು ನೆಲದ ಪಾಲಾಗಿದ್ದಿತು. ಅರ್ಧ ಕೊರೆದ ಸುರಂಗಗಳಲ್ಲಿ ನೀರು ನಿಂತಿತು, ಬಾಯಿಗಳಲ್ಲಿ ಗಿಡಗಂಟಿ ಬೆಳೆಯಿತು. ಜನರು ಅದನ್ನು ‘ವ್ಯಾಂಡರ್‌ಬಿಲ್ಟನ ಮರುಳು’ ಎಂದು ಕರೆದು ನಕ್ಕರು. ಸತ್ತ ಕೂಲಿಗಳ ಮನೆಯವರು ನಕ್ಕಿರಲಾರರು.

ಹೀಗೆಯೇ ಐವತ್ತು ವರ್ಷಗಳು ಕಳೆದುವು. 1930ರ ದಶಕದಲ್ಲಿ ಆ ದೇಶಕ್ಕೆ ದೊಡ್ಡ ದಾರಿದ್ರ್ಯ ಬಂದಿತಷ್ಟೆ. ಕೆಲಸವಿಲ್ಲದವರಿಗೆ ಕೆಲಸ ಕೊಡಬೇಕು, ಕೊಟ್ಟ ಕೆಲಸದಿಂದ ದೇಶಕ್ಕೆ ಉಪಯೋಗವೂ ಆಗಬೇಕು. ಬೆಟ್ಟದೊಳಗೆ ಬಿಟ್ಟಿಯಾಗಿ ಬಿದ್ದಿದ್ದ ಸುರಂಗಗಳ ನೆನಪು ಆಗ ಬಂದಿತು. ರೈಲಿಗೆಂದು ಕೊರೆದ ದಾರಿಯಲ್ಲಿ ಮೋಟಾರುಗಳನ್ನೇಕೆ ಓಡಿಸಬಾರದು? 1937ರಲ್ಲಿ ಸಂಸ್ಥಾನದ ಶಾಸನಸಭೆಯು ಇದಕ್ಕಾಗಿ ಒಂದು ಆಯೋಗವನ್ನು ನೇಮಿಸಿತು. ಆದರೆ ಸುಂಕ ಕೊಟ್ಟು ಬೆಟ್ಟದ ಹಾದಿಯಲ್ಲಿ ಯಾರು ಹೋಗುವರೆಂದು ಸಾಹುಕಾರರು ಸಾಲಪತ್ರಗಳನ್ನು ಕೊಳ್ಳಲಿಲ್ಲ. ದಿನಕ್ಕೆ 715 ಗಾಡಿಗಳು ಹೋದರೆ ಹೆಚ್ಚೆಂದು ರಸ್ತೆಯ ಇಲಾಖೆಯ ಪಂಡಿತರೂ ಲೆಕ್ಕ ಹಾಕಿಕೊಟ್ಟರು. ಕೊನೆಗೆ ಅಧ್ಯಕ್ಷ ರೂಸ್‌ವೆಲ್ಟರ ಸರ್ಕಾರವೇ ಸುಮಾರು ಎರಡು ಕೋಟಿ ತೊಂಬತ್ತು ಲಕ್ಷ ಡಾಲರುಗಳನ್ನು ದಾನವಾಗಿಯೂ, ನಾಲ್ಕು ಕೋಟಿಗೆ ಮಿಕ್ಕ ಹಣವನ್ನು ಸಾಲವಾಗಿಯೂ ಕೊಟ್ಟಿತು. 1938ರ ಅಕ್ಟೋಬರಿನಲ್ಲಿ ಮೊದಲ ಗುದ್ದಲಿ ಬಿದ್ದಿತು. 1940ರ ಅಕ್ಟೋಬರ್ 1ನೆಯ ತಾರೀಖು ನಡುರಾತ್ರಿ ಕಳೆದೊಡನೆ ಹಾದಿ ತೆರೆಯಿತು. 160 ಮೈಲಿಯ ಹಾದಿ ಎರಡು ವರ್ಷ ತುಂಬುವ ಮೊದಲೇ ಮುಗಿದಿದ್ದಿತು! ನಮ್ಮೂರ ಕಡೆ ಒಂದು ಮೋರಿಗೆ ಎಷ್ಟು ಕಾಲ ಹಿಡಿಯುವುದೆಂಬುದನ್ನು ಬಲ್ಲ ವಾಚಕರಿಗೆ ಇದರ ಬೆಲೆ ತಿಳಿಯದೆ ಇರದು.

ಪಂಡಿತರ ಲೆಕ್ಕ ಮೊದಲ ವಾರದಲ್ಲಿಯೇ ತಲೆಕೆಳಗಾಯಿತು. ಮೊದಲ ಭಾನುವಾರ ಹೊಸ ಹಾದಿಯನ್ನು ನೋಡಬೇಕೆಂದು ಬಂದ ಗಾಡಿಗಳು ಸುಮಾರು 27,000. ಜಾತ್ರೆಗೆ ಬರುವಂತೆ ಮಕ್ಕಳುಮರಿಗಳೊಡನೆ ಬುತ್ತಿ ಕಟ್ಟಿಕೊಂಡು ಬಂದರು. ಬರುವುದು ಸಹಜವೇ, ಅಂತಹ ಹಾದಿಯನ್ನು ಅವರು ಕಂಡಿರಲಿಲ್ಲ. ಹೋಗುವವರಿಗೆ ಎರಡು ಸಾಲು, ಬರುವವರಿಗೆ ಎರಡು ಸಾಲು, ನಡುವೆ ಹತ್ತು ಅಡಿಯ ಹುಲ್ಲಿನ ಪಟ್ಟಿ. ಅಡ್ಡ ರಸ್ತೆಗಳಿಲ್ಲ, ರೈಲಿನ ಗೇಟುಗಳಿಲ್ಲ, ದೀಪದ ಕಂಬದ ಬಳಿ ನಿಲ್ಲುವ ಗೊಡವೆಯಿಲ್ಲ. ಎಲ್ಲಿಯೂ ಏರು ನೂರಕ್ಕೆ ಮೂರನ್ನು ಮೀರಿಲ್ಲ. ಐದಾರು ಗಂಟೆಗಳ ಪ್ರಯಾಣ ಎರಡೂವರೆ ಗಂಟೆಗೆ ಇಳಿಯಿತು. ಈ ತುದಿಯಿಂದ ಆ ತುದಿಗೆ ಸುಂಕ ಒಂದೂವರೆ ಡಾಲರು. ದಾರಿಯಲ್ಲಿ ಹೊಟ್ಟೆ ಹಸಿದರೆ ಹವರ್ಡ್ ಜಾನ್ಸನ್ ಎಂಬುವನ ಭೋಜನಶಾಲೆಗಳು. ಅಲ್ಲಿ ಇಪ್ಪತ್ತೆಂಟು ಬಗೆಯ ಐಸ್‌ಕ್ರೀಮು ದೊರೆಯುತ್ತಿದ್ದಿತು. ಈಗ ಮುದುಕರಾಗಿರುವ ಅಲ್ಲಿಯ ಜನ ಸುರಂಗವನ್ನು ಮರೆತರೂ ಈ ಐಸ್‌ಕ್ರೀಮನ್ನು ಮರೆತಿಲ್ಲ.

ಎಲ್ಲಕ್ಕೂ ಮಿಗಿಲಾದ ಸೋಜಿಗವೆಂದರೆ ಸುರಂಗಗಳು. ಪಶ್ಚಿಮದಿಂದ ಎಣಿಸಿದರೆ ಲಾರೆಲ್ ಹಿಲ್, ಆಲಿಗೇನಿ, ರೇಯ್ಸ್ ಹಿಲ್, ಸೈಡ್ಲಿಂಗ್ ಹಿಲ್, ಟಸ್ಕರೋರ, ಕಿಟಟಿನ್ನಿ, ಬ್ಲೂ ಮೌಂಟನ್ ಎಂದು ಏಳು. ಇವುಗಳಲ್ಲಿ ಆರು ವ್ಯಾಂಡರ್‌ಬಿಲ್ಟನ ಹಳೆಯ ಸುರಂಗಗಳು. ಆಲಿಗೇನಿಯಲ್ಲಿ ಮಾತ್ರ ಹಳೆಯದು ಕೆಲಸಕ್ಕೆ ಬಾರದೆ ಪಕ್ಕದಲ್ಲಿ ಹೊಸದನ್ನು ಕೊರೆದರು. ಎಲ್ಲಕ್ಕಿಂತ ಉದ್ದವಾದ ಸೈಡ್ಲಿಂಗ್ ಹಿಲ್ 6,782 ಅಡಿ, ಗಿಡ್ಡದಾದ ರೇಯ್ಸ್ ಹಿಲ್ 3,532 ಅಡಿ. ಏಳೂ ಸೇರಿದರೆ ಏಳು ಮೈಲಿಗೆ ಸ್ವಲ್ಪ ಕಡಮೆ. ಮೋಟಾರಿನ ಹೊಗೆಯಿಂದ ಒಳಗಿರುವವರಿಗೆ ಉಸಿರು ಕಟ್ಟದಂತೆ ಸುರಂಗದ ಬಾಯಿಯ ಮೇಲೆ ಕಟ್ಟಡ ಕಟ್ಟಿ, ಅದರಲ್ಲಿ ದೊಡ್ಡ ಬೀಸಣಿಗೆಯ ಯಂತ್ರಗಳನ್ನಿಟ್ಟು ಒಳಕ್ಕೆ ಗಾಳಿಯನ್ನು ನೂಕುತ್ತಿದ್ದರು. ಬೆಟ್ಟದ ಬುಡದಲ್ಲಿ ಒಂದು ಮನೆ, ಅದರ ಕೆಳಗೆ ಒಂದು ಕಮಾನು, ಕಮಾನಿನಲ್ಲಿ ಕತ್ತಲೆ: ಆ ಕಾಲದ ಚಿತ್ರದ ಕಾರ್ಡುಗಳಲ್ಲೆಲ್ಲ ಇದೇ ನೋಟ. ‘ಸುರಂಗಗಳ ಹೆದ್ದಾರಿ’ ಎಂದೇ ಜನ ಕರೆದರು.

ಆದರೆ ಸಿದ್ಧವಾಗಿ ಸಿಕ್ಕಿದ ವಸ್ತುವಿಗೂ ಒಂದು ಬೆಲೆಯುಂಟು. ಹೊರಗೆ ನಾಲ್ಕು ಸಾಲಿನ ಹಾದಿ, ಸುರಂಗದಲ್ಲಿ ಎರಡೇ ಸಾಲು, ಹೋಗುವವರಿಗೊಂದು, ಬರುವವರಿಗೊಂದು. 715 ಗಾಡಿಗಳಿಗೆ ಅದು ಸಾಕಾಗುತ್ತಿದ್ದಿತೇನೋ. 1950ರಲ್ಲಿ ಹಾದಿ ಪೂರ್ವಕ್ಕೆ ಫಿಲಡೆಲ್ಫಿಯದ ಬಳಿಯವರೆಗೆ ಬೆಳೆಯಿತು. ಮರುವರ್ಷ ಪಶ್ಚಿಮಕ್ಕೆ ಓಹಾಯೋ ಗಡಿಯನ್ನು ಮುಟ್ಟಿತು. ಆಮೇಲೆ ರಜಾದಿನಗಳಲ್ಲಿ ಸುರಂಗದ ಬಾಯಿಯಲ್ಲಿ ಮೈಲಿಗಟ್ಟಲೆ ಗಾಡಿಗಳು ಸಾಲುಗಟ್ಟಿ ನಿಲ್ಲತೊಡಗಿದುವು. ಹಳೆಯ ಹಾದಿಯನ್ನು ನೆನೆದು ನಿಟ್ಟುಸಿರುಬಿಡುವ ಮಹನೀಯರು ಈ ಸಾಲನ್ನು ಏಕೋ ನೆನೆಯುವುದಿಲ್ಲ. ಹಿಂದಿನ ಬಡತನದ ರುಚಿಯನ್ನು ಹೊಗಳುತ್ತ ಹಿಂದಿನ ಹಸಿವನ್ನು ಮರೆಯುವುದು ನಮ್ಮಲ್ಲಿಯೂ ಉಂಟಷ್ಟೆ.

ಇಂಜಿನಿಯರುಗಳಿಗೆ ಇದ್ದ ದಾರಿಗಳು ಎರಡೇ: ಪ್ರತಿ ಸುರಂಗದ ಪಕ್ಕದಲ್ಲಿ ಮತ್ತೊಂದನ್ನು ಕೊರೆಯುವುದು, ಇಲ್ಲವೆ ಸುರಂಗವನ್ನೇ ಬಿಟ್ಟು ಬೆಟ್ಟದ ಮೇಲೆ ಹಾದಿ ಹಾಕುವುದು. ಆಲಿಗೇನಿ, ಟಸ್ಕರೋರ, ಕಿಟಟಿನ್ನಿ, ಬ್ಲೂ ಮೌಂಟನ್ ಈ ನಾಲ್ಕಕ್ಕೆ ಜೋಡಿ ಸುರಂಗಗಳನ್ನು ಕೊರೆದರು. ಲಾರೆಲ್ ಹಿಲ್ 1964ರಲ್ಲಿಯೂ, ರೇಯ್ಸ್ ಹಿಲ್ ಮತ್ತು ಸೈಡ್ಲಿಂಗ್ ಹಿಲ್ 1968ರಲ್ಲಿಯೂ ಮುಚ್ಚಿದುವು. ಈ ಕಡೆಯ ಎರಡರ ಜೊತೆಗೆ ಸುಮಾರು ಹದಿಮೂರು ಮೈಲಿ ಹೆದ್ದಾರಿಯನ್ನೇ ಬಿಟ್ಟುಕೊಟ್ಟು, ಹೊಸ ಹಾದಿಯನ್ನು ಬೆಟ್ಟದ ಮೇಲೆ ಹಾಯಿಸಿದರು. ಹಿಂದೆ ರೈಲಿನವರು ಬಿಟ್ಟುಹೋದುದನ್ನು ಮೋಟಾರಿನವರು ಎತ್ತಿಕೊಂಡರು; ಇಪ್ಪತ್ತೆಂಟು ವರ್ಷ ಬಳಸಿ ಅವರೂ ಬಿಟ್ಟುಹೋದರು.

ನಮ್ಮ ಅಣ್ಣನವರು ಫಿಲಡೆಲ್ಫಿಯದ ಬಳಿ ಮನೆ ಮಾಡಿದಾಗ ಈ ಕಥೆಯೆಲ್ಲ ಆಗಿಹೋಗಿದ್ದಿತು. ಅವರಿಗೆ ಈ ಹಾದಿ ಬೇಕಾದುದು ದೇವರ ದರ್ಶನಕ್ಕೆ. ಪಿಟ್ಸ್‌ಬರ್ಗಿನ ಸಮೀಪದಲ್ಲಿ ಪೆನ್ ಹಿಲ್ಸ್ ಎಂಬ ಗುಡ್ಡದ ಮೇಲೆ 1970ರ ದಶಕದ ಉತ್ತರಾರ್ಧದಲ್ಲಿ ನಮ್ಮ ದೇಶದ ಜನರು ಶ್ರೀ ವೆಂಕಟೇಶ್ವರನಿಗೆ ಬಿಳಿಯ ಗೋಪುರದ ದೇವಾಲಯವನ್ನು ಕಟ್ಟಿದರು. ಪೂರ್ವ ಕರಾವಳಿಯಲ್ಲಿದ್ದ ಕನ್ನಡಿಗರೂ ತೆಲುಗರೂ ತಮಿಳರೂ ಮಗುವಿನ ಮುಡಿಯೆಂದರೂ ಹರಕೆಯೆಂದರೂ ಅಲ್ಲಿಗೆ ಹೊರಡುವರು. ಹೋಗುವ ದಾರಿ ಟರ್ನ್‌ಪೈಕೇ. ಆ ದೇಶದವರಿಗೆ ಅದು ಹೆದ್ದಾರಿಯಾದರೆ ನಮ್ಮವರಿಗೆ ಅದು ತಿರುಪತಿಯ ಹಾದಿ.

1983ರ ಬೇಸಗೆಯಲ್ಲಿ ನಾವೂ ನಮ್ಮ ತಾಯಿಯವರೂ ಅಣ್ಣನ ಮನೆಗೆ ಹೋಗಿದ್ದೆವು. ಅತ್ತಿಗೆಯವರು ಪುಳಿಯೋಗರೆ ಮೊಸರನ್ನಗಳನ್ನು ಕಟ್ಟಿಕೊಂಡರು. ಬೆಳಗಿನ ಜಾವಕ್ಕೆ ಹೊರಟೆವು. ಹಾದಿಯ ಬಾಗಿಲಿನಲ್ಲಿ ಒಂದು ರಟ್ಟಿನ ಚೀಟಿ ಕೊಟ್ಟರು. ಯಾವ ಊರಿನಲ್ಲಿ ಇಳಿದರೆ ಎಷ್ಟು ಸುಂಕವೆಂದು ಅದರ ಮೇಲೆ ಅಚ್ಚಾಗಿದ್ದಿತು. ಹಿಂದಿನ ಆಸನದಲ್ಲಿ ಮಕ್ಕಳ ನಡುವೆ ಕುಳಿತಿದ್ದ ಅಮ್ಮನಿಗೆ ಬೆಟ್ಟದ ಹೊಟ್ಟೆಯೊಳಗೆ ಹೋಗುವುದೆಂದರೆ ಮನಸ್ಸಿಗೆ ಒಗ್ಗದು. ಬ್ಲೂ ಮೌಂಟನ್ ಸುರಂಗ ಬಂದೊಡನೆ ಕಣ್ಣು ಮುಚ್ಚಿ ರಾಮನಾಮಕ್ಕೆ ತೊಡಗಿದರು. ಅಣ್ಣನ ಮಕ್ಕಳು ಅಲ್ಲಿಯ ಹುಡುಗರ ಪದ್ಧತಿಯಂತೆ ಸುರಂಗ ಮುಗಿಯುವವರೆಗೂ ಉಸಿರು ಬಿಗಿಹಿಡಿದು ಕುಳಿತರು. ಈ ಸುರಂಗಕ್ಕೂ ಮುಂದಿನ ಕಿಟಟಿನ್ನಿಗೂ ನಡುವೆ ಇರುವ ಬಯಲು ಆರುನೂರು ಅಡಿ ಮಾತ್ರ. ಬೆಳಕು ಬಂದಿತೆನ್ನುವಷ್ಟರಲ್ಲಿ ಮತ್ತೆ ಕತ್ತಲೆ. ಆ ಏಳೆಂಟು ಸೆಕೆಂಡುಗಳಲ್ಲಿ ಮಕ್ಕಳು ಒಂದು ಉಸಿರು ಎಳೆದುಕೊಂಡವು; ಅಮ್ಮನು ಕಣ್ಣು ತೆರೆದು, “ಮುಗಿಯಿತೇನೋ?” ಎಂದವರು ಉತ್ತರ ಬರುವ ಮೊದಲೇ ಮತ್ತೆ ಮುಚ್ಚಿಕೊಂಡರು. ಟಸ್ಕರೋರ, ಆಲಿಗೇನಿ ಕಳೆದ ಮೇಲೆ ಬೆರಳು ಮಡಿಸಿ, “ನಾಲ್ಕಾಯಿತು” ಎಂದು ಸಮಾಧಾನಪಟ್ಟುಕೊಂಡರು.

ದೇವಾಲಯದ ಕಡೆಗೆ ತಿರುಗುವ ಕಡೆ ಸುಂಕದ ಗೂಡಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದಳು. ಚೀಟಿಯನ್ನೂ ಹಣವನ್ನೂ ತೆಗೆದುಕೊಂಡು, ಹಿಂದೆ ಕುಳಿತಿದ್ದ ಅಮ್ಮನ ಸೀರೆಯನ್ನು ಕಂಡು, ಪ್ರಯಾಣ ಹೇಗಾಯಿತೆಂದು ಕೇಳಿದಳು. ಪ್ರಶ್ನೆಯ ಮಾತು ತಿಳಿಯದಿದ್ದರೂ ಅಮ್ಮನಿಗೆ ಧ್ವನಿ ತಿಳಿಯಿತು. ಕಿಟಕಿಯಿಂದ ಮುಖವಿಟ್ಟು ಅಚ್ಚಗನ್ನಡದಲ್ಲಿ, ನಾಲ್ಕು ಸುರಂಗಗಳಲ್ಲಿ ತಮಗಾದ ಕಷ್ಟವನ್ನೆಲ್ಲ ಹೇಳಿಕೊಂಡರು. ಆಕೆ ತಲೆದೂಗುತ್ತ ಪೂರ್ತಿಯಾಗಿ ಕೇಳಿದಳು. ಹಿಂದಿನ ಗಾಡಿಯವನು ಹಾರನ್ನು ಒತ್ತಿದ ಮೇಲೆಯೇ ನಾವು ಮುಂದಕ್ಕೆ ಹೊರಟುದು. “ಸುಂಕದವಳು ಒಳ್ಳೆಯವಳು ಕಣೋ” ಎಂದು ಅಮ್ಮ ಅಣ್ಣನಿಗೆ ಹೇಳಿದರು. ಊರಿಗೆ ಮರಳಿದ ಮೇಲೆ ಅಮೆರಿಕದಲ್ಲಿ ಏನು ಕಂಡಿರೆಂದು ಕೇಳಿದವರಿಗೆಲ್ಲ ಮೊದಲು ಇವಳ ಸುದ್ದಿ, ಆಮೇಲೆ ಸ್ವಾಮಿಯ ಸುದ್ದಿ. ಗಾದೆ ಸುಳ್ಳಾದುದನ್ನು ನಾವು ಕಂಡುದು ಅದೊಂದೇ ಸಲ.

ಈಗ ಆ ಹಾದಿಯಲ್ಲಿ ಸುಂಕದವರಾರೂ ಇಲ್ಲ. 2020ರ ಮಾರ್ಚಿಯಲ್ಲಿ ಮಹಾಮಾರಿ ಬಂದಾಗ ನಗದು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅದು ಮತ್ತೆ ಮೊದಲಾಗಲಿಲ್ಲ. ಜೂನ್ ತಿಂಗಳಲ್ಲಿ ಸುಮಾರು ಐನೂರು ಜನರ ಕೆಲಸ ಹೋಯಿತು. ಗಾಡಿಯಲ್ಲಿ ಅಂಟಿಸಿದ ಯಂತ್ರದ ಚೀಟಿಯಿಂದ ಹಣ ತಾನಾಗಿಯೇ ಕಳೆದುಹೋಗುವುದು. ಅದಿಲ್ಲದವರ ಗಾಡಿಯ ನಂಬರಿನ ಚಿತ್ರ ತೆಗೆದು ಮನೆಗೆ ಬಿಲ್ಲು ಕಳುಹಿಸುವರು. ಕಾಲ ಉಳಿಯುವುದೆಂಬುದೇನೋ ನಿಜ. ಅಣ್ಣನವರು ಕೂಡ ಗೂಡಿನ ಮುಂದೆ ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಿತೆಂದೇ ಹೇಳುವರು. ಆದರೆ ಸುಖದುಃಖ ಕೇಳುವವರು ಇಲ್ಲದಂತಾದರು.

ಸುಂಕವಾದರೋ ಹೋಗಲಿಲ್ಲ, ಅದು ಹೋಗತಕ್ಕದ್ದಾಗಿದ್ದಿತು. ಈ ಹಾದಿಯ ಕಥೆಯಲ್ಲಿ ನಮ್ಮನ್ನು ಕಾಡುವ ಮಾತು ಇದು. ಸಾಲ ತೀರಿದೊಡನೆ ಸುಂಕವನ್ನು ತೆಗೆದುಹಾಕಿ ಹಾದಿಯನ್ನು ಸಂಸ್ಥಾನದ ರಸ್ತೆ ಇಲಾಖೆಗೆ ಒಪ್ಪಿಸತಕ್ಕದ್ದೆಂದು 1937ರ ಶಾಸನದಲ್ಲಿಯೇ ಬರೆದಿದ್ದಿತು. ಒಂದೂವರೆ ಡಾಲರನ್ನು ಸಂತೋಷದಿಂದ ಕೊಟ್ಟ ಆ ಮೊದಲ ಭಾನುವಾರದ ಜನ, ತಮ್ಮ ಮಕ್ಕಳ ಕಾಲಕ್ಕಾದರೂ ಇದು ಧರ್ಮದ ಹಾದಿಯಾಗುವುದೆಂದು ನಂಬಿದ್ದಿರಬೇಕು. ಆದರೆ ಹಾದಿಯನ್ನು ಬೆಳೆಸಲು ಹೊಸ ಸಾಲ, ಅಗಲ ಮಾಡಲು ಮತ್ತೆ ಸಾಲ. 2007ರಲ್ಲಿ ಇನ್ನೊಂದು ಶಾಸನ ಬಂದು, ಈ ಹಾದಿಯ ಆಯೋಗವು ಸಂಸ್ಥಾನದ ಇತರ ರಸ್ತೆಗಳಿಗೂ ನಗರದ ಬಸ್ಸು ರೈಲುಗಳಿಗೂ ವರ್ಷಕ್ಕೆ 45 ಕೋಟಿ ಡಾಲರು ಕೊಡಬೇಕೆಂದು ವಿಧಿಸಿತು. ಆಯೋಗ ಅದಕ್ಕೂ ಸಾಲ ಮಾಡಿತು. 2022ರಲ್ಲಿ ಆ ಹೊರೆ 5 ಕೋಟಿಗೆ ಇಳಿಯಿತು. ಅಷ್ಟರಲ್ಲಿ ಸಾಲವು ಸಾವಿರ ಕೋಟಿ ಡಾಲರುಗಳನ್ನು ಎಂದೋ ದಾಟಿದ್ದಿತು. 2009ರಿಂದ ಮೊದಲ್ಗೊಂಡು ಸುಂಕ ವರ್ಷವರ್ಷವೂ ಏರುತ್ತ ಬಂದಿದೆ. ಹಾದಿಯ ಸಾಲ ತೀರಿಸಲು ಸುಂಕ ಎತ್ತುವುದು ನ್ಯಾಯ. ಹಾದಿಯನ್ನು ತುಳಿಯದವರ ಸಾಲಕ್ಕಾಗಿ ತುಳಿದವರಿಂದ ಎತ್ತುವುದು ಯಾವ ನ್ಯಾಯವೋ ನಮಗೆ ತಿಳಿಯದು.

ಬಿಟ್ಟುಹೋದ ಹಾದಿಯಲ್ಲಾದರೋ ಸುಂಕವಿಲ್ಲ. 2001ರಲ್ಲಿ ಅದರ ಎಂಟೂವರೆ ಮೈಲಿಯನ್ನು ಆಯೋಗದವರು ಪರಿಸರ ರಕ್ಷಣೆಯ ಸಂಘವೊಂದಕ್ಕೆ ಒಂದು ಡಾಲರಿಗೆ ಕೊಟ್ಟರು. ಅಂದಿನಿಂದ ಅಲ್ಲಿ ಸೈಕಲ್ಲಿನವರೂ ನಡೆಯುವವರೂ ಸಂಚರಿಸುವರು. ಪ್ರಪಂಚ ಹಾಳಾದ ಮೇಲೆ ತಂದೆ ಮಗ ಇಬ್ಬರೇ ನಡೆದುಹೋಗುವ ಕಥೆಯನ್ನು 2009ರಲ್ಲಿ ಚಲನಚಿತ್ರವಾಗಿ ತೆಗೆದವರು ಅದರ ಕೆಲವು ದೃಶ್ಯಗಳನ್ನು ಇಲ್ಲಿಯೇ ಚಿತ್ರಿಸಿದರು. ಹಾಳು ದೃಶ್ಯವನ್ನು ಅವರು ಹೊಸದಾಗಿ ಕಟ್ಟಬೇಕಾಗಿರಲಿಲ್ಲ.

ಅಮ್ಮ ಹೋಗಿ ಬಹಳ ವರ್ಷಗಳಾದ ಮೇಲೆ, 2019ರ ಶರತ್ಕಾಲದಲ್ಲಿ, ನಾವು ಅಣ್ಣನ ಮೊಮ್ಮಗನೊಡನೆ ಅದನ್ನು ನೋಡಲು ಹೋದೆವು. ಅಣ್ಣನಿಗೆ ಮಂಡಿನೋವಿದ್ದುದರಿಂದ ಬ್ರೀಜ್‌ವುಡ್ ಎಂಬ ಊರಿನ ಬಳಿ ಗಾಡಿಯಲ್ಲಿಯೇ ಉಳಿದರು. ಟಾರು ಬಿರಿದು, ಬಿರುಕಿನಲ್ಲೆಲ್ಲ ಹುಲ್ಲು ಎದ್ದಿದ್ದಿತು. ಎರಡು ಪಕ್ಕದ ಮರಗಳೂ ಹಳದಿ ಕೆಂಪು ಎಲೆಗಳನ್ನು ಹಾದಿಯ ಮೇಲೆ ಉದುರಿಸುತ್ತಿದ್ದುವು. ರೇಯ್ಸ್ ಹಿಲ್ ಸುರಂಗ ಬಂದಿತು. ಬಾಯಿಯ ಗೋಡೆಯ ಮೇಲೆ ಹುಡುಗರು ಬಳಿದ ಬಣ್ಣದ ಬರಹಗಳು. ಮೇಲೆ ಬೀಸಣಿಗೆಯ ಮನೆ. ಈ ಸುರಂಗ ಎಲ್ಲಕ್ಕಿಂತ ಗಿಡ್ಡದಾದುದರಿಂದ ಬೀಸಣಿಗೆಯ ಮನೆ ಪಶ್ಚಿಮದ ಬಾಯಿಯ ಮೇಲೆ ಮಾತ್ರ ಇದೆ, ಪೂರ್ವದ ಬಾಯಿ ಬರಿಯ ಕಮಾನು. ಮುಂದೆ ಕೆಲವು ಮೈಲಿಗಳಾಚೆ ಸೈಡ್ಲಿಂಗ್ ಹಿಲ್ ಇದೆ. ಅಲ್ಲಿಯವರೆಗೆ ನಡೆಯುವ ಶಕ್ತಿ ನಮಗಿರಲಿಲ್ಲ.

ಒಳಗೆ ಹೋದೊಡನೆ ಚಳಿ. ದೀಪದ ಬೆಳಕಿನಲ್ಲಿ ಗೋಡೆಯ ತೇವ ಹೊಳೆಯಿತು. ಈ ಗೋಡೆಯ ಹಿಂದಿರುವ ಕಲ್ಲನ್ನು ವ್ಯಾಂಡರ್‌ಬಿಲ್ಟನ ಕೂಲಿಗಳು ಕೈಯಿಂದ ಕೊರೆದುದೆಂದೂ, ಅವರು ಕೊರೆದ ದಾರಿಯಲ್ಲಿ ಒಂದು ರೈಲೂ ಹೋಗಲಿಲ್ಲವೆಂದೂ ಹುಡುಗನಿಗೆ ಹೇಳಿದೆವು. ಅವನಿಗೆ ಅದು ರುಚಿಸಿದಂತೆ ಕಾಣಲಿಲ್ಲ. “ದೊಡ್ಡಜ್ಜಿ ಇಲ್ಲಿಯೂ ರಾಮ ರಾಮ ಎಂದರೇ?” ಎಂದು ಕೇಳಿದನು. ಅವರ ಕಾಲಕ್ಕೆ ಇದು ಮುಚ್ಚಿಹೋಗಿದ್ದಿತೆಂದು ಹೇಳಿದೆವು. ಹಾಗಾದರೆ ಇದು ಐದನೆಯದೆಂದು ಅವನು ಬೆರಳು ಮಡಿಸಿದನು. ಬಳಿಕ ಅವನ ತಂದೆ ಕಲಿಸಿದ್ದ ಆಟ ನೆನಪಾಗಿ, ಕೆನ್ನೆ ಉಬ್ಬಿಸಿ ಉಸಿರು ಬಿಗಿಹಿಡಿದನು. ಇಪ್ಪತ್ತು ಹೆಜ್ಜೆಯಲ್ಲಿ ಬಿಟ್ಟುಬಿಟ್ಟನು. ನಡೆಯುವವರಿಗೆ ಆ ಸುರಂಗ ಕಾಲು ಗಂಟೆಯ ದಾರಿ.